ಅಜ್ಜನ ಕಟಿಂಗ್ ಕಾಸು ಯಾರ ಲೆಕ್ಕಕ್ಕೆ?

ವೃದ್ಧಾಶ್ರಮಕ್ಕೆ ಹೋಗಿ ಹತ್ತು ಹನ್ನೆರಡು ತಲೆ ಕತ್ತರಿಸಿ ಬರುವ ಕ್ಷೌರಿಕನಿಗೆ ಕಾಸು ಕೊಡಬೇಕಾದವರು ಯಾರು? ಅಜ್ಜನನ್ನು ಕೇಳಿದರೆ, "ನನ್ ಮಗ ಕೊಡ್ತಾನೆ ಕಣಪ್ಪ" ಅನ್ನುತ್ತಾನೆ. ಬೆಂಗಳೂರಿನ ಮಗನಿಗೆ ಫೋನ್ ಮಾಡಿದರೆ, "ತಿಂಗ್ಳಾ ತಿಂಗ್ಳಾ ಆಶ್ರಮಕ್ಕೆ ಕಟ್ತಾ ಇದೀನಲ್ಲ, ಅದ್ರಲ್ಲೇ ಸೇರಿದೆ." ಆಶ್ರಮದ ಮ್ಯಾನೇಜರರು, "ಊಟ, ವಸತಿ, ಮಾತ್ರೆ ನಮ್ದು. ಕಟಿಂಗು ಅವರವರ ಸ್ವಂತ ಖರ್ಚು" ಎಂದು ಕೈ ತೊಳೆಯುತ್ತಾರೆ. ಮೂವರ ಮಾತೂ ಕೇಳಿಕೊಂಡು ಬ್ಯಾಗು ಹೆಗಲಿಗೇರಿಸಿ ಬಸ್ ಸ್ಟ್ಯಾಂಡಿಗೆ ನಡೆಯುವವನು ಕತ್ತರಿಯವನು.

ಇದೂ ಒಂದು ಬರೆಯುವ ವಿಷಯವೇ ಎನ್ನಬೇಡಿ. ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಮಕ್ಕಳು ಬೆಂಗಳೂರು ಸೇರಿ ಒಂದು ತಲೆಮಾರೇ ಆಯಿತು. 2023ರ ಮಾರ್ಚ್‌ನಲ್ಲಿ ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲೇ ಪ್ರಧಾನಿಗಳು ಬೆಂಗಳೂರು-ಮೈಸೂರು ಹೊಸ ಹೆದ್ದಾರಿ ಉದ್ಘಾಟಿಸಿದರು. ರಸ್ತೆಯೇನೋ ಹತ್ತಿರವಾಯಿತು. ಆದರೆ ಅಪ್ಪನನ್ನು ಕಟಿಂಗ್ ಶಾಪಿಗೆ ಕೈಹಿಡಿದು ಕರೆದೊಯ್ಯಲು ಯಾರು ಅಷ್ಟು ದೂರದಿಂದ ಬರುತ್ತಾರೆ? ಹಾಗಾಗಿ ಶಾಪೇ ಅಪ್ಪನ ಹತ್ತಿರ ಹೋಗಬೇಕು.

ಹೋಗುವುದಕ್ಕೆ ದಿನ ಬೇಕಲ್ಲ ಸ್ವಾಮಿ? ನಮ್ಮ ಕಡೆ ಮಂಗಳವಾರ ಕಟಿಂಗ್ ಶಾಪುಗಳಿಗೆ ರಜ. ಬಿಡುವಿರುವುದು ಅವತ್ತೇ. ಆದರೆ ಮಂಗಳವಾರ ಅಜ್ಜ ತಲೆ ಕೊಡುವುದಿಲ್ಲ. ಹಾಗಾಗಿ ವ್ಯಾಪಾರದ ದಿನವೇ ಅಂಗಡಿ ಬಾಗಿಲೆಳೆದು ಹೋಗಬೇಕು. ಬಸ್ ಚಾರ್ಜು, ಕಳೆದುಹೋದ ಗಿರಾಕಿ, ಹಾಸಿಗೆ ಹಿಡಿದವರ ಗಡ್ಡಕ್ಕೆ ಹಿಡಿಯುವ ದುಪ್ಪಟ್ಟು ಹೊತ್ತು, ಇವೆಲ್ಲ ಸೇರಿಸಿ ಅವನು ಶಾಪಿಗಿಂತ ಮೂವತ್ತೋ ನಲವತ್ತೋ ಹೆಚ್ಚಿಗೆ ಕೇಳಿದರೆ, "ಕೂದಲೇ ಇಲ್ಲದ ತಲೆಗೆ ಇಷ್ಟಾ?" ಎಂಬ ಪ್ರಶ್ನೆ. ಮುಕ್ಕಾಲು ಜಗಳ ಹುಟ್ಟುವುದೇ ಇಲ್ಲಿ. ಗಿರಾಕಿ ಕೂದಲನ್ನು ಎಣಿಸುತ್ತಾನೆ, ಕತ್ತರಿಯವನು ಗಂಟೆಯನ್ನು.

ಇನ್ನೊಂದು ಎಡವಟ್ಟು ಹಳೆಯದು. ಈಗ ಎಂಬತ್ತು ದಾಟಿದ ನಮ್ಮ ರೈತ ಅಜ್ಜಂದಿರು ಆಯದ ಕಾಲದಲ್ಲಿ ತಲೆ ಬೋಳಿಸಿಕೊಂಡು ಬೆಳೆದವರು. ಅಗಸ, ಕಮ್ಮಾರ, ಕ್ಷೌರಿಕ ವರ್ಷವಿಡೀ ಕೆಲಸ ಮಾಡಬೇಕು, ಸುಗ್ಗಿಯಲ್ಲಿ ಕಣಕ್ಕೆ ಬಂದು ಪಾಲು ಒಯ್ಯಬೇಕು. ಸ್ಕಾರ್ಲೆಟ್ ಎಪ್‌ಸ್ಟೈನ್ ಎಂಬ ವಿದ್ವಾಂಸೆ 1950ರ ದಶಕದ ನಡುವೆ ಮಂಡ್ಯ ಸೀಮೆಯ ಎರಡು ಹಳ್ಳಿಗಳಲ್ಲಿ ಇದ್ದು ಇದನ್ನೆಲ್ಲ ಕಣ್ಣಾರೆ ಕಂಡರು. ಊರುಗಳ ನಿಜ ಹೆಸರು ಮರೆಸಿ ವಂಗಲ, ದಲೇನ ಎಂದು ಕರೆದು 1962ರಲ್ಲಿ ಪುಸ್ತಕ ಬರೆದರು. ಬೆಳೆ ಹುಲುಸಾಗಿರಲಿ, ಸೊರಗಿರಲಿ, ಆಯಗಾರನ ಪಾಲು ನಿಗದಿ ಎಂಬುದು ಅವರು ಕಂಡುಕೊಂಡ ಮುಖ್ಯ ಸಂಗತಿ. ಕೆಟ್ಟ ವರ್ಷವೂ ಆಯಗಾರ ಉಪವಾಸ ಬೀಳುತ್ತಿರಲಿಲ್ಲ, ಒಳ್ಳೆ ವರ್ಷ ಹಿಗ್ಗುತ್ತಲೂ ಇರಲಿಲ್ಲ.

ಕೇಳಲು ಚೆನ್ನಾಗಿದೆ ಅಂತ ಅದನ್ನು ಹೊಗಳಿ ಕೂರುವಂತಿಲ್ಲ. ಆ ಲೆಕ್ಕದಲ್ಲಿ ಊರಿನ ಎಲ್ಲ ತಲೆಗಳೂ ಇರಲಿಲ್ಲ. ಹೊಲಗೇರಿಯ ತಲೆಗೆ ಆ ಕತ್ತರಿ ಮುಟ್ಟುತ್ತಿರಲಿಲ್ಲ. ಇವತ್ತು ಆಶ್ರಮದಲ್ಲಿ ಒಂದೇ ಪ್ಲಾಸ್ಟಿಕ್ ಕುರ್ಚಿಯಲ್ಲಿ ಸಾಲಾಗಿ ಎಲ್ಲರೂ ಕೂರುತ್ತಾರಲ್ಲ, ಅಷ್ಟರಮಟ್ಟಿಗೆ ಆಯ ಹೋದದ್ದೇ ಒಳ್ಳೆಯದಾಯಿತು. ಆದರೆ ಅಜ್ಜನ ಮನಸ್ಸಿನಿಂದ ಅದು ಹೋಗಿಲ್ಲ. "ಸುಗ್ಗೀಲಿ ಬಾರ್ಲಾ, ಹಾಕ್ಸಿ ಕೊಡ್ತೀನಿ" ಎಂದರೆ ಅದು ಮೋಸವಲ್ಲ, ಅವನಿಗೆ ಗೊತ್ತಿರುವ ಬಿಲ್ಲೇ ಅದು.

ಮರೆವಿನ ಕಾಯಿಲೆಯವರ ಕಥೆ ಬೇರೆ. ಹೋದ ಗಳಿಗೆಯಲ್ಲಿ ಕತ್ತರಿಸಿದ ತಲೆಯನ್ನೇ ಮುಟ್ಟಿಕೊಂಡು "ನೀ ಯಾವಾಗ ಬಂದಿದ್ದೆ?" ಅನ್ನುತ್ತಾರೆ. ಇಲ್ಲವೇ "ಎರಡು ಸಲ ಕೊಟ್ಟಿವ್ನಿ" ಎಂದು ರಂಪ ಮಾಡುತ್ತಾರೆ. ಇವರ ಹತ್ತಿರ ವಾದಿಸಿ ಗೆದ್ದ ಕ್ಷೌರಿಕನಿಲ್ಲ, ಗೆಲ್ಲಲೂಬಾರದು. ಲೆಕ್ಕ ಅವರ ಬಾಯಿಯಲ್ಲಿ ಇರಲೇಬಾರದು.

ಎಲ್ಲಕ್ಕಿಂತ ಕಹಿಯಾದದ್ದು ಅಜ್ಜಿಯರ ವಿಷಯ. ಅವರಿಗೆ ಗಂಡಸು ಕತ್ತರಿ ಹಿಡಿದರೆ ಆಗದು, ಪಾರ್ಲರ್ ಹೆಂಗಸು ಬರಬೇಕು. ಬಾಚಲು ಆಳಿಲ್ಲ, ಹೇನಾಗುತ್ತದೆ ಎಂದು ಆಶ್ರಮದವರು ಹೇಳಿ ಮೊಣಕೈವರೆಗಿನ ಜಡೆಯನ್ನು ಕಿವಿಯ ಮಟ್ಟಕ್ಕೆ ಕತ್ತರಿಸಿಸುತ್ತಾರೆ. ಬಿಲ್ಲು ಮಗಳಿಗೆ ಹೋಗುತ್ತದೆ. ಮಗಳು ಮುಂದಿನ ತಿಂಗಳು ಬಂದು ನೋಡಿ, "ನಮ್ಮಮ್ಮನ ಜಡೆ ತೆಗೆಯಲು ಯಾರು ಹೇಳಿದ್ದು? ಕಾಸು ಬೇರೆ ಕೊಡಬೇಕಾ?" ಎಂದು ಅಳುತ್ತಾ ಕೂಗಾಡುತ್ತಾಳೆ. ಪಾರ್ಲರ್ ಹೆಂಗಸು ಮಾಡಿದ ತಪ್ಪೇನು? ಹೇಳಿದ ಕೆಲಸ ಮಾಡಿದಳು. ಆದರೆ ಹೇಳಬೇಕಾದವಳು ಅಜ್ಜಿ. ಅವಳನ್ನು ಕೇಳಿದ್ದರೆ ಬೇಡ ಅನ್ನುತ್ತಿದ್ದಳೇನೋ. ಇಂಥ ಕಡೆ ಕೂಲಿ ಕೊಡಬೇಕಾದದ್ದು ಕೆಲಸ ಹೇಳಿದ ಆಶ್ರಮವೇ ಎಂಬುದು ನಮ್ಮ ಅಭಿಪ್ರಾಯ.

ಕಾನೂನು ಏನನ್ನುತ್ತೆ? 1872ರ ಕರಾರು ಕಾಯಿದೆಯ 68ನೇ ಕಲಮು ಓದಿ. ಬುದ್ಧಿ ಸ್ವಾಧೀನದಲ್ಲಿಲ್ಲದವರಿಗೆ ಬದುಕಿಗೆ ಅವಶ್ಯಕವಾದದ್ದನ್ನು ಒದಗಿಸಿದವನಿಗೆ ಅವರ ಆಸ್ತಿಯಿಂದ ಹಣ ಪಡೆಯುವ ಹಕ್ಕಿದೆ. ಆಸ್ತಿ ಎಂದರೆ ಅಜ್ಜನದು, ಮಗನ ಜೇಬಲ್ಲ. ಮಗ ಒಪ್ಪಿದ್ದರೆ ಮಾತ್ರ ಮಗನ ಕೊರಳಿಗೆ. ತಿಂಗಳ ಕ್ಷೌರ ಅವಶ್ಯಕವೇ ಅಲ್ಲ ಎಂದು ವಾದಿಸುವ ವಕೀಲರಿದ್ದರೆ ಮೊದಲು ತಮ್ಮ ಗಡ್ಡ ನೇವರಿಸಿಕೊಳ್ಳಲಿ.

2007ರ ಹಿರಿಯ ನಾಗರಿಕರ ಕಾಯಿದೆ ಇದೆಯಲ್ಲ ಎನ್ನುವವರುಂಟು. ಅದರಲ್ಲಿ ಪೋಷಣೆ ಎಂದರೆ ಊಟ, ಬಟ್ಟೆ, ವಸತಿ, ವೈದ್ಯಕೀಯ ಆರೈಕೆ ಎಂದು ಬರೆದಿದೆ, ಕ್ಷೌರದ ಹೆಸರಿಲ್ಲ. ಅರ್ಜಿಯನ್ನು ಅಪ್ಪ ಅಮ್ಮ ಕೊಡಬಹುದೇ ಹೊರತು ಕ್ಷೌರಿಕ ಕೊಡುವಂತಿಲ್ಲ. ಆದರೆ ಮಕ್ಕಳು ಕೈಖರ್ಚಿಗೂ ಕೊಡದಿದ್ದರೆ ಹಿರಿಯರು ಆ ದಾರಿ ಹಿಡಿಯಬಹುದು. ಮಂಡ್ಯ, ಮದ್ದೂರು, ಮಳವಳ್ಳಿ ಮೂರೂ ಮಂಡ್ಯ ಉಪವಿಭಾಗಕ್ಕೇ ಸೇರಿದ್ದು, ಉಪವಿಭಾಗಾಧಿಕಾರಿಗಳೇ ನ್ಯಾಯಮಂಡಳಿ. ಕಾಯಿದೆಯಲ್ಲಿ ತಿಂಗಳಿಗೆ 10,000 ರೂಪಾಯಿಯವರೆಗೆ ಮಿತಿ ಹಾಕಿದ್ದಾರೆ. ಸಹಾಯವಾಣಿ 14567. ಎಲ್ಲ ಸೇರಿದೆ ಎಂದು ಹಣ ಕಟ್ಟಿಸಿಕೊಂಡ ಆಶ್ರಮ ಕಟಿಂಗ್‌ಗೆ ಬೇರೆ ಕೇಳಿದರೆ, ಕಟ್ಟಿದವರು ಗ್ರಾಹಕರ ಆಯೋಗಕ್ಕೆ ಹೋಗಬಹುದು, ಕಟ್ಟಿದ ಹಣ 5 ಲಕ್ಷ ಮೀರದಿದ್ದರೆ ಅಲ್ಲಿ ಶುಲ್ಕವೂ ಇಲ್ಲ.

ಕತ್ತರಿಯವನಿಗೆ ಉಳಿದದ್ದು ಅಂಗಡಿಯವರ ಹಳೇ ಮದ್ದು, ಪುಸ್ತಕ. ಉದ್ರಿ ಬರೆಯುವ ನಮ್ಮ ಕಿರಾಣಿ ಶೆಟ್ಟರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಮೊದಲ ದಿನವೇ ದರ ಎಷ್ಟು, ಬಂದು ಹೋಗುವ ಚಾರ್ಜು ಎಷ್ಟು, ಕೊಡುವವರು ಯಾರು, ಯಾವ ತಾರೀಖಿಗೆ ಎಂದು ಒಂದು ಹಾಳೆಯಲ್ಲಿ ಬರೆಸಿ ಮ್ಯಾನೇಜರರ ಸಹಿ ಹಾಕಿಸಬೇಕು. ಪ್ರತಿ ಸಲ ಕತ್ತರಿ ಒಳಗಿಡುವ ಮುಂಚೆ ಹೆಸರಿನ ಪಟ್ಟಿಗೆ ಆಶ್ರಮದ ನರ್ಸಮ್ಮನ ರುಜು. ಮಗ ಕೊಡುವುದಾದರೆ ಆ ಪಟ್ಟಿಯ ಫೋಟೋ ಅಂದೇ ಅವನ ಮೊಬೈಲಿಗೆ. ಮೂರು ತಿಂಗಳ ಬಾಕಿಯನ್ನು ಒಟ್ಟಿಗೆ ಕೇಳಿದರೆ ಯಾರಿಗೂ ನೆನಪಿರುವುದಿಲ್ಲ, ಎಲ್ಲರಿಗೂ ಸಿಟ್ಟು ಮಾತ್ರ ಬರುತ್ತದೆ. ಜಡೆ ಕತ್ತರಿಸುವಂತಿದ್ದರೆ ಮಗಳಿಗೊಂದು ಫೋನು, ಅಜ್ಜಿಗೊಂದು ಮಾತು, ಎರಡೂ ಆಗಲಿ.

ಇಷ್ಟಾದರೂ ಕೊಡದಿದ್ದರೆ ಕೆಲಸ ಮಾಡಿದ ದಿನದಿಂದ ಮೂರು ವರ್ಷದೊಳಗೆ ದಾವೆ ಹೂಡಬಹುದು. ಎಂಟುನೂರು ರೂಪಾಯಿಗೆ ಕೋರ್ಟು ಕಟ್ಟೆ ಹತ್ತುವವರು ಯಾರು? ಅದಕ್ಕಿಂತ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಒಂದು ಅರ್ಜಿ ಕೊಟ್ಟು ಲೋಕ ಅದಾಲತ್ತಿಗೆ ಹಾಕಿಸುವುದು ಮೇಲು. ಕೋರ್ಟು ಫೀ ಇಲ್ಲ, ರಾಜಿಯಾದರೆ ಅದೇ ಡಿಕ್ರಿ, ಮೇಲ್ಮನವಿಯೂ ಇಲ್ಲ. ರಾಷ್ಟ್ರೀಯ ಲೋಕ ಅದಾಲತ್ತು ಸಾಮಾನ್ಯವಾಗಿ ನಡೆಯುವುದು ಶನಿವಾರ. ಶನಿವಾರವೂ ತಲೆ ಕೊಡದ ಗಿರಾಕಿಗಳು ನಮ್ಮಲ್ಲಿ ಬೇಕಾದಷ್ಟಿದ್ದಾರೆ, ವ್ಯಾಪಾರಕ್ಕೆ ಅಷ್ಟೇನೂ ಪೆಟ್ಟು ಬೀಳದು.