ಗ್ರಹಣದ ಭಯ ಬೇಡ, ಥಿನ್ನರಿನ ಎಚ್ಚರ ಬೇಕು

ಗರ್ಭಿಣಿಯು ಗ್ರಹಣಕಾಲದಲ್ಲಿ ಹೊರಗೆ ಬಂದರೆ ಮಗುವಿಗೆ ಸೀಳುತುಟಿ ಬರುತ್ತದೆಂಬ ನಂಬಿಕೆ ನಮ್ಮ ಊರುಗಳಲ್ಲಿ ಇಂದಿಗೂ ಬಲವಾಗಿದೆ. ಆ ಕೆಲವು ಗಂಟೆಗಳ ಕಾಲ ಮನೆಮಂದಿಯೆಲ್ಲ ಆಕೆಯನ್ನು ಕಾಯುತ್ತಾರೆ. ಅದೇ ಹೆಣ್ಣುಮಗಳು ದಿನವಿಡೀ ಥಿನ್ನರ್, ಪಾಲಿಶ್, ಅಂಟು, ಕಲೆ ತೆಗೆಯುವ ದ್ರವಗಳ ಆವಿಯಲ್ಲಿ ದುಡಿಯುವಾಗ ಯಾರೂ ಆತಂಕಪಡುವುದಿಲ್ಲ. ಗ್ರಹಣಕ್ಕೂ ಸೀಳುತುಟಿಗೂ ಸಂಬಂಧವಿಲ್ಲ. ದ್ರಾವಕಗಳ ವಿಷಯದಲ್ಲಿ ಮಾತ್ರ ಎಚ್ಚರಕ್ಕೆ ತಕ್ಕ ಕಾರಣಗಳಿವೆ.

ಫ್ರಾನ್ಸಿನ ಬ್ರಿಟನಿ ಪ್ರಾಂತ್ಯದಲ್ಲಿ 2002ರಿಂದ 2006ರವರೆಗೆ ಮೂರು ಸಾವಿರಕ್ಕೂ ಹೆಚ್ಚು ಗರ್ಭಿಣಿಯರನ್ನು ಒಂದು ಅಧ್ಯಯನಕ್ಕೆ ಸೇರಿಸಿಕೊಳ್ಳಲಾಯಿತು. ಕೆಲಸದಲ್ಲಿ ದ್ರಾವಕಗಳ ಸಂಪರ್ಕ ನಿತ್ಯವಿದ್ದ ತಾಯಂದಿರ ಮಕ್ಕಳಲ್ಲಿ ಸೀಳುತುಟಿ, ಸೀಳು ಅಂಗುಳ ಸೇರಿದಂತೆ ಜನ್ಮದೋಷಗಳು ಹೆಚ್ಚಾಗಿ ಕಂಡವು. ಥಿನ್ನರಿನಲ್ಲಿ ಸಾಮಾನ್ಯವಾಗಿರುವ ಟಾಲ್ಯೂಈನನ್ನು ಮತ್ತಿಗಾಗಿ ಮೂಸುತ್ತಿದ್ದ ತಾಯಂದಿರ ಶಿಶುಗಳಲ್ಲಿ ಕಿರಿದಾದ ತಲೆ, ಚಿಕ್ಕ ಗದ್ದ, ಒಳಸೇರಿದ ಕಣ್ಣುಗಳನ್ನು ವೈದ್ಯರು ದಾಖಲಿಸಿದ್ದಾರೆ.

ಕಾಲದ ಲೆಕ್ಕವೇ ಇಲ್ಲಿ ಮುಖ್ಯವಾದುದು. ಗರ್ಭ ನಿಂತ ಸುಮಾರು 7 ವಾರಗಳಲ್ಲಿ ಮೇಲ್ತುಟಿಯೂ 12 ವಾರಗಳಲ್ಲಿ ಅಂಗುಳವೂ ಕೂಡಿಕೊಳ್ಳುತ್ತವೆ. ಎಷ್ಟೋ ಮಂದಿಗೆ ತಾವು ಗರ್ಭಿಣಿಯೆಂದು ತಿಳಿಯುವಷ್ಟರಲ್ಲಿ ಮುಖದ ರಚನೆ ಆರಂಭವಾಗಿರುತ್ತದೆ. ಕುಬುಸ, ಸೀಮಂತದ ಹೊತ್ತಿಗೆ ಮೊದಲಾಗುವ ಆರೈಕೆ ಈ ವಿಷಯದಲ್ಲಿ ತಡವಾದ ಆರೈಕೆಯೇ ಸರಿ.

ಗರ್ಭಕ್ಕೆ ಹಾನಿ ತರುವ ಸಂಗತಿಗಳನ್ನು ಚರಕಸಂಹಿತೆಯ ಶಾರೀರಸ್ಥಾನವು ಹೆಸರಿಸಿ ದೂರವಿಡಲು ಹೇಳುತ್ತದೆ. ಈ ಕಾಲದ ವೈದ್ಯರಾದ ನಾವು ಆ ಸಾಲಿಗೆ ದ್ರಾವಕಗಳನ್ನು ಸೇರಿಸಲೇಬೇಕು. ಈ ಆವಿಯ ದುಷ್ಪರಿಣಾಮವನ್ನು ನಮ್ಮ ಯಾವ ಕಷಾಯವೂ, ಲೇಹ್ಯವೂ ಕಳೆಯದೆಂಬುದನ್ನೂ ಸ್ಪಷ್ಟವಾಗಿ ಹೇಳಬೇಕು.

ಮಗುವನ್ನು ಬಯಸುವ ಹೆಣ್ಣುಮಕ್ಕಳಿಗೆ ಮೊದಲಿನಿಂದಲೇ ಬೇರೆ ಕೆಲಸ ವಹಿಸುವುದು ಮಾಲೀಕರ ಕರ್ತವ್ಯ. ಅದಕ್ಕಾಗಿ ಕೂಲಿ ಕಡಿತವಾಗಬಾರದು. ಮೂಗಿಗೆ ಕಟ್ಟಿದ ಸೆರಗು ಆವಿಯನ್ನು ತಡೆಯದು. ಗಾಳಿಯಾಡುವ ವ್ಯವಸ್ಥೆಯೇ ಬೇಕು. ಮನೆಗೆ ಬಣ್ಣ ಬಳಿಸುವಾಗ ಗರ್ಭಿಣಿಯು ಬೇರೆಡೆ ಇರಲಿ. ವೈದ್ಯರ ಸಲಹೆಯಂತೆ ಫೋಲಿಕ್ ಆಮ್ಲದ ಮಾತ್ರೆಯನ್ನು ಗರ್ಭಧಾರಣೆಗೆ ಮುಂಚೆಯೇ ಆರಂಭಿಸಲಿ.

ಒಂದು ದಿನ ವಾಸನೆ ಬಂದಿತೆಂದು ಯಾರೂ ಹೆದರಬೇಕಾಗಿಲ್ಲ. ಸೀಳುತುಟಿಗೆ ವಂಶವಾಹಿಗಳೂ ಸೇರಿ ಹಲವು ಕಾರಣಗಳಿವೆ. ಅಂಥ ಮಗು ಜನಿಸಿದರೆ ತಾಯಿಯನ್ನು ಹಳಿಯದೆ, ಮೊದಲ ತಿಂಗಳುಗಳಲ್ಲಿಯೇ ಶಸ್ತ್ರವೈದ್ಯರಿಗೆ ತೋರಿಸಿರಿ. ತುಟಿಯನ್ನೂ ಅಂಗುಳವನ್ನೂ ಶಸ್ತ್ರಚಿಕಿತ್ಸೆಯಿಂದ ಸರಿಪಡಿಸಬಹುದು.