ಹೇಳಿದಷ್ಟೇ ಮಾಡುವ ಆಳು

ಹೇಳಿದ ಮಾತನ್ನು ಚಾಚೂ ತಪ್ಪದೆ ನಡೆಸುವ ಆಳು ದೊರೆಯುವುದು ಭಾಗ್ಯವೆಂದು ಹಿರಿಯರು ಹೇಳುವುದುಂಟು. ಯುನಿಕ್ಸ್ ಗಣಕದ ‘ಶೆಲ್’ ಅಂತಹ ಆಳು. ಆಜ್ಞೆಗಳನ್ನು ಕಡತವೊಂದರಲ್ಲಿ ಸಾಲಾಗಿ ಬರೆದಿಟ್ಟರೆ ಅದೇ ಶೆಲ್ ಸ್ಕ್ರಿಪ್ಟ್. ದಿನವಿಡೀ ಹಿಡಿಯುವ ಕೆಲಸ ಒಂದೇ ಅಪ್ಪಣೆಗೆ ಮುಗಿಯುತ್ತದೆ. ಆದರೆ ಈ ಆಳಿಗೆ ವಿಧೇಯತೆಯುಂಟು, ವಿವೇಚನೆಯಿಲ್ಲ.

2015ರ ಜನವರಿಯಲ್ಲಿ ಬೆಳಕಿಗೆ ಬಂದ ಪ್ರಸಂಗವನ್ನು ಕೇಳಿ. ಯುನಿಕ್ಸ್ ವಂಶದ ಲಿನಕ್ಸ್ ಗಣಕಗಳಿಗಾಗಿ ‘ಸ್ಟೀಮ್’ ಎಂಬ ಆಟಗಳ ತಂತ್ರಾಂಶದಲ್ಲಿ ಒಂದು ಸ್ಕ್ರಿಪ್ಟ್ ಇತ್ತು. ಅದು ತಾನಿರುವ ಕೋಶದ ವಿಳಾಸವನ್ನು ಹೆಸರಿಟ್ಟ ಡಬ್ಬಿಯಂತಹ ‘ಚರ’ವೊಂದರಲ್ಲಿ ತುಂಬಿಕೊಂಡು, ಮುಂದೊಂದು ಓರೆಗೆರೆ ಸೇರಿಸಿ, ಅಲ್ಲಿರುವುದನ್ನೆಲ್ಲ ಅಳಿಸೆಂದು ಆಜ್ಞಾಪಿಸುತ್ತಿತ್ತು. ಬಳಕೆದಾರರೊಬ್ಬರು ಆ ಕೋಶವನ್ನು ಬೇರೆಡೆಗೆ ಸಾಗಿಸಿದ ಮೇಲೆ ಡಬ್ಬಿ ಬರಿದಾಯಿತು. ಉಳಿದದ್ದು ಓರೆಗೆರೆ ಮಾತ್ರ. ಯುನಿಕ್ಸ್ ರೂಢಿಯಲ್ಲಿ ಅದರ ಅರ್ಥ ಇಡೀ ಗಣಕದ ಬೇರು! ಅವರ ಸ್ವಂತ ಕಡತಗಳೆಲ್ಲ ಅಳಿದವು. ಹೊರಗಿನಿಂದ ಜೋಡಿಸಿದ್ದ ಡ್ರೈವಿನಲ್ಲಿನ ನಕಲುಗಳೂ ಉಳಿಯಲಿಲ್ಲ.

ಇದಕ್ಕೆ ಪರಿಹಾರವಿಲ್ಲವೇ? ಉಂಟು, ಅದೂ ಸುಲಭವಾದುದು. ಅಳಿಸುವ ಆಜ್ಞೆಯ ಮುಂದೆ ‘ಎಕೋ’ ಎಂಬ ಪದವನ್ನಿಟ್ಟು ನೋಡಿ. ಶೆಲ್ ಏನನ್ನೂ ಅಳಿಸದೆ, ಆ ಆಜ್ಞೆ ಕೊನೆಗೆ ಯಾವ ರೂಪ ತಾಳುವುದೆಂಬುದನ್ನು ತೆರೆಯ ಮೇಲೆ ಬರೆದು ತೋರಿಸುತ್ತದೆ. ಸ್ಕ್ರಿಪ್ಟಿನ ಆರಂಭದಲ್ಲಿ ‘ಸೆಟ್ -ಎಕ್ಸ್’ ಎಂದು ಬರೆದರೆ, ಒಂದೊಂದು ಆಜ್ಞೆಯನ್ನೂ ನಡೆಸುವ ಮುನ್ನ, ಚರಗಳ ಬೆಲೆಗಳನ್ನು ತುಂಬಿ ನಮಗೆ ಕಾಣಿಸುತ್ತದೆ. ತಪ್ಪು ಎಲ್ಲಿ ಹೊಕ್ಕಿತೆಂಬುದು ಅಲ್ಲೇ ಬಯಲಾಗುತ್ತದೆ. ಚರವನ್ನು ಪುಷ್ಪಾವರಣದೊಳಗೆ ಬರೆದು, ಹೆಸರಿನ ಕೊನೆಗೆ ‘:?’ ಚಿಹ್ನೆ ಸೇರಿಸಿದರೆ, ಡಬ್ಬಿ ಬರಿದಾಗಿರುವುದನ್ನು ಕಂಡೊಡನೆ ಸ್ಕ್ರಿಪ್ಟ್ ನಿಂತುಬಿಡುತ್ತದೆ.

ಆಳು ತಾನಾಗಿ ಪ್ರಶ್ನೆ ಕೇಳಲಾರ. ಕೇಳುವಂತೆ ಕಲಿಸಬೇಕಾದವರು ಅಪ್ಪಣೆ ಕೊಡುವ ನಾವೇ.