ಒಂದು ಹಗಲಿನ ಅತಿಥಿಗಳು

ಮನೆಗೆ ಬಂದ ಅತಿಥಿಯನ್ನು ಆದರಿಸುವುದು ಗೃಹಸ್ಥನ ಮೊದಲ ಕರ್ತವ್ಯವೆಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಆದರೆ ಬಾಗಿಲು ತಟ್ಟದೆ, ಬಂದೆನೆಂದು ಹೇಳದೆ, ಅಂಗಳದ ಮರದಲ್ಲಿ ಒಂದು ಹಗಲು ತಂಗಿ, ಕತ್ತಲಾದೊಡನೆ ಹೊರಟುಹೋಗುವ ಅತಿಥಿಗಳೂ ಉಂಟು. ಅವರಿಗೆ ಸಲ್ಲಬೇಕಾದ ಸತ್ಕಾರ ಯಾವುದೆಂಬುದನ್ನು ನಾನು ಕಲಿತುದು ಈ ಇಳಿವಯಸ್ಸಿನಲ್ಲಿ, ಅದೂ ಒಂಬತ್ತು ವರ್ಷದ ಮೊಮ್ಮಗನ ಪಕ್ಕದಲ್ಲಿ ಕುಳಿತು. ಕಲಿಕೆಗೆ ತೆತ್ತ ಬೆಲೆ ಮಾತ್ರ ನನ್ನದಾಗಿರಲಿಲ್ಲ. ಆ ಸಂಗತಿಯನ್ನು ಈ ತಿಂಗಳು ಓದುಗ ಬಂಧುಗಳ ಮುಂದೆ ನಿವೇದಿಸಿಕೊಳ್ಳುತ್ತೇನೆ.

2024ರ ಮೇ ತಿಂಗಳಲ್ಲಿ ನಾವು ದಂಪತಿಗಳು ಅಮೆರಿಕದ ಶಿಕಾಗೋ ನಗರದ ಹೊರವಲಯದಲ್ಲಿರುವ ಮಗಳ ಮನೆಯಲ್ಲಿ ಕೆಲವು ವಾರ ಇದ್ದೆವು. ಮೊಮ್ಮಗನಿಗೆ ಅವನ ತಂದೆ ಹೊಸದಾಗಿ ಒಂದು ಕ್ಯಾಮೆರಾ ಕೊಡಿಸಿದ್ದರು. ಒಂದು ಶನಿವಾರ ನಸುಕಿನಲ್ಲಿ ಅವನು ನನ್ನನ್ನು ಅಲುಗಾಡಿಸಿ, "ಅಜ್ಜಾ, ಏಳ್ರಿ. ರಾತ್ರಿಯೆಲ್ಲ ದಕ್ಷಿಣದ ಗಾಳಿ ಬೀಸಿದೆ. ಇವತ್ತು ವಾರ್ಬ್ಲರ್ ಬಂದಿರುತ್ತವೆ" ಎಂದನು. ಗಾಳಿಗೂ ಹಕ್ಕಿಗೂ ಇರುವ ಸಂಬಂಧ ನನಗೆ ಆಗ ತಿಳಿಯದು. ಹುಡುಗನ ಉತ್ಸಾಹಕ್ಕೆ ಮಣಿದು ಹೊರಟೆನು.

ನಗರದ ಉತ್ತರ ಭಾಗದಲ್ಲಿ ಮಿಶಿಗನ್ ಸರೋವರದ ದಂಡೆಗುಂಟ ಲಿಂಕನ್ ಪಾರ್ಕ್ ಎಂಬ ವಿಶಾಲವಾದ ಉದ್ಯಾನವಿದೆ. ಅದರಲ್ಲಿ ನೀರಿನೊಳಗೆ ಚಾಚಿಕೊಂಡಿರುವ ನೆಲದ ತುದಿಗೆ ಮಾಂಟ್ರೋಸ್ ಪಾಯಿಂಟ್ ಎಂದು ಹೆಸರು. ಸರೋವರವೆಂದೊಡನೆ ನಮ್ಮ ಊರ ಕೆರೆಯನ್ನು ನೆನೆಯಬಾರದು. ಅದರ ಉದ್ದ ಸುಮಾರು 490 ಕಿಲೋಮೀಟರು, ಆಚೆಯ ದಡ ಕಣ್ಣಿಗೆ ಕಾಣದು. ಈ ನೆಲದ ತುದಿಯನ್ನು ಮಣ್ಣು ತುಂಬಿ ಮನುಷ್ಯರೇ ಮಾಡಿದ್ದಾರೆ. 1950ರ ದಶಕದಲ್ಲಿ ಸೈನ್ಯವು ಇಲ್ಲಿ ಕ್ಷಿಪಣಿ ನೆಲೆಯೊಂದನ್ನು ಇರಿಸಿತ್ತು. ಸೈನಿಕರ ವಸತಿಗಳಿಗೆ ಮರೆಯಾಗಲೆಂದು ನೆಟ್ಟ ಹನಿಸಕಲ್ ಪೊದೆಗಳ ಸಾಲು, ನೆಲೆ ಎದ್ದುಹೋದ ಮೇಲೂ ಉಳಿಯಿತು. ಸುಮಾರು 150 ಗಜ ಉದ್ದದ ಆ ಸಾಲನ್ನು ಜನರು ‘ಮಾಯಾ ಬೇಲಿ’ ಎಂದು ಕರೆಯುತ್ತಾರೆ. ಈ ತಾಣದಲ್ಲಿ ಇದುವರೆಗೆ 300ಕ್ಕೂ ಹೆಚ್ಚು ಜಾತಿಯ ಹಕ್ಕಿಗಳನ್ನು ಗುರುತಿಸಿದ್ದಾರೆ. ಯುದ್ಧದ ಸಿದ್ಧತೆಗೆಂದು ಬೆಳೆಸಿದ ಬೇಲಿ ಹೀಗೆ ಹಕ್ಕಿಗಳ ಛತ್ರವಾಯಿತು.

ವಾರ್ಬ್ಲರ್ ಎಂದರೆ ನಮ್ಮ ಗುಬ್ಬಿಗಿಂತಲೂ ಚಿಕ್ಕದಾದ ಹಕ್ಕಿ. ಕನ್ನಡದ ಪಕ್ಷಿಪ್ರಿಯರು ಇಂಥವನ್ನು ಉಲಿಯಕ್ಕಿ ಎನ್ನುತ್ತಾರೆ. ಬಹುಪಾಲು ಜಾತಿಗಳ ತೂಕ 8ರಿಂದ 12 ಗ್ರಾಂ. ಚಳಿಗಾಲವನ್ನು ಮೆಕ್ಸಿಕೋ, ಮಧ್ಯ ಅಮೆರಿಕ, ದಕ್ಷಿಣ ಅಮೆರಿಕಗಳ ಬೆಚ್ಚನೆಯ ಕಾಡುಗಳಲ್ಲಿ ಕಳೆದು, ವಸಂತದಲ್ಲಿ ಕೆನಡಾದ ಕಾಡುಗಳತ್ತ ಮರಿ ಮಾಡಲು ಹೊರಡುತ್ತವೆ. ಪ್ರಯಾಣವೆಲ್ಲ ರಾತ್ರಿಯಲ್ಲಿ. ಹಿಂದಿನಿಂದ ಬೀಸುವ ದಕ್ಷಿಣದ ಗಾಳಿ ಅವುಗಳಿಗೆ ನೆರವಾಗುತ್ತದೆ. ಬೆಳಗಾಗುವ ಹೊತ್ತಿಗೆ ಕೆಳಗೆ ನೀರು ಕಂಡರೆ ದಡದತ್ತ ತಿರುಗಿ, ಮೊದಲು ಸಿಕ್ಕ ಹಸಿರಿನಲ್ಲಿ ಇಳಿಯುತ್ತವೆ. ಸರೋವರದಿಂದ ಏಳುವ ಸೊಳ್ಳೆಯಂಥ ಸಣ್ಣ ಹುಳುಗಳನ್ನೂ ಚಿಗುರಿನ ಕಂಬಳಿಹುಳುಗಳನ್ನೂ ತಿಂದು ಶಕ್ತಿ ತುಂಬಿಕೊಂಡು ಮತ್ತೆ ಮೇಲೇರುತ್ತವೆ. ಹುಡುಗನು ಗಾಳಿಯ ದಿಕ್ಕನ್ನು ನೋಡಿ ನನ್ನನ್ನು ಎಬ್ಬಿಸಿದುದರ ಅರ್ಥ ಆಗ ತಿಳಿಯಿತು.

ನಾವು ತಲಪುವಷ್ಟರಲ್ಲಿ ಬಹಳ ಜನ ಸೇರಿದ್ದರು. ಎಲ್ಲರೂ ಕತ್ತೆತ್ತಿ ನಿಂತಿದ್ದರು. ಹೀಗೆ ಮೇಲೆ ನೋಡಿ ನೋಡಿ ಬರುವ ನೋವಿಗೆ ಅಲ್ಲಿ ‘ವಾರ್ಬ್ಲರ್ ಕುತ್ತಿಗೆ’ ಎಂದೇ ಹೆಸರಂತೆ. ಅರ್ಧ ಗಂಟೆಯಲ್ಲಿ ನನಗೂ ಅದು ಬಂದಿತು. ಆದರೆ ಕಂಡ ನೋಟ ಆ ನೋವನ್ನು ಮರೆಸಿತು. ಕೆಂಡದ ಬಣ್ಣದ ಕೊರಳಿನ ಬ್ಲ್ಯಾಕ್‌ಬರ್ನಿಯನ್ ಆಂಡಿಸ್ ಪರ್ವತಗಳ ಕಡೆಯಿಂದ ಬಂದಿತ್ತು. ಕಪ್ಪು ಬಿಳುಪು ಪಟ್ಟೆಯ ಇನ್ನೊಂದು ಜಾತಿ ಕಾಂಡದ ಮೇಲೆ ತಲೆಕೆಳಗಾಗಿ ಹರಿದಾಡುತ್ತಿತ್ತು. ಹಳದಿ ಎದೆಯ ಮೇಲೆ ಕರಿಮಣಿ ಸರದಂಥ ಗೆರೆಗಳಿದ್ದ ಮ್ಯಾಗ್ನೋಲಿಯಾ ವಾರ್ಬ್ಲರ್ ಮೊಮ್ಮಗನ ಮನಸ್ಸನ್ನು ಸೆಳೆಯಿತು. ಈ ಹಕ್ಕಿ ಗೂಡು ಕಟ್ಟುವುದು ಉತ್ತರದ ಸೂಚಿಪರ್ಣಿ ಕಾಡುಗಳಲ್ಲಿ. ಆದರೆ 1810ರಲ್ಲಿ ಅಲೆಗ್ಸಾಂಡರ್ ವಿಲ್ಸನ್ ಎಂಬ ಪಕ್ಷಿತಜ್ಞನು ಅದನ್ನು ಮಿಸಿಸಿಪ್ಪಿಯ ಮ್ಯಾಗ್ನೋಲಿಯಾ ಮರಗಳಲ್ಲಿ, ಪ್ರಯಾಣದ ನಡುವೆ ಕಂಡುದರಿಂದ ಅದೇ ಹೆಸರು ನಿಂತಿತು. ಯಾತ್ರಿಕನಿಗೆ ಅವನ ಊರಿನ ಹೆಸರನ್ನು ಬಿಟ್ಟು ತಂಗಿದ ಛತ್ರದ ಹೆಸರನ್ನಿಟ್ಟಂತೆ!

ಹುಡುಗನು ಅದರ ಹಿಂದೆ ಹಿಂದೆಯೇ ಓಡಿದನು. ಕ್ಯಾಮೆರಾ ಎತ್ತುವಷ್ಟರಲ್ಲಿ ಹಕ್ಕಿ ಎಲೆಯ ಮರೆಗೆ ಹೋಗುತ್ತಿತ್ತು. ಸಿಕ್ಕ ಚಿತ್ರಗಳಲ್ಲಿ ಒಂದರಲ್ಲಿ ಬಾಲ, ಇನ್ನೊಂದರಲ್ಲಿ ಬರಿಯ ಕೊಂಬೆ, ಮತ್ತೊಂದರಲ್ಲಿ ಹಳದಿಯ ಮಸುಕು. ಆಗ ಹತ್ತಿರದಲ್ಲಿದ್ದ ವೃದ್ಧೆಯೊಬ್ಬರು ಅವನನ್ನು ಕರೆದು, ಸೂರ್ಯನಿಗೆ ಬೆನ್ನು ಮಾಡಿ ಒಂದೆಡೆ ಕುಳಿತುಕೊಳ್ಳುವಂತೆ ಹೇಳಿದರು. ಹಕ್ಕಿಯ ಹಿಂದೆ ಓಡಿದರೆ ಅದರ ಊಟ ಕೆಡುತ್ತದೆ, ಧ್ವನಿಮುದ್ರಿತ ಕೂಗನ್ನು ಕೇಳಿಸಿ ಕರೆದರೆ ಅದರ ಶಕ್ತಿ ವ್ಯರ್ಥವಾಗುತ್ತದೆ, ಕುಳಿತವನ ಬಳಿಗೆ ಅದು ತಾನಾಗಿ ಬರುತ್ತದೆ ಎಂಬುದು ಅವರ ಬೋಧೆ. ಅವನು ಕುಳಿತನು. ಹಕ್ಕಿ ನಾಲ್ಕು ಮಾರು ದೂರಕ್ಕೆ ಬಂದು ಹುಳು ಹಿಡಿದು ತಿಂದಿತು. ಅವನು ಚಿತ್ರ ತೆಗೆಯುವುದನ್ನೇ ಮರೆತು ನೋಡುತ್ತಿದ್ದನು.

ಕಥೆ ಇಲ್ಲಿಗೇ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು! ಮಗಳ ಮನೆಯ ಹಿಂಬದಿಯಲ್ಲಿ, ಮರಗಳಿಗೆ ಎದುರಾಗಿ, ಗೋಡೆಯಷ್ಟು ದೊಡ್ಡ ಗಾಜಿನ ಕಿಟಕಿಯ ಒಂದು ಕೋಣೆಯಿದೆ. ಅಂದು ರಾತ್ರಿ ನಾನು ಅಲ್ಲಿ ತಡವಾಗಿ ಓದುತ್ತ ಕುಳಿತಿದ್ದು, ನಿದ್ದೆ ಬಂದಾಗ ದೀಪವನ್ನು ಹಾಗೆಯೇ ಬಿಟ್ಟು ಹೋಗಿ ಮಲಗಿದೆ. ಬೆಳಿಗ್ಗೆ ಮೊಮ್ಮಗನು ನನ್ನ ಕೈಹಿಡಿದು ಕಿಟಕಿಯ ಹೊರಗಡೆಗೆ ಕರೆದೊಯ್ದನು. ಹುಲ್ಲಿನ ಮೇಲೆ ಒಂದು ಮ್ಯಾಗ್ನೋಲಿಯಾ ವಾರ್ಬ್ಲರ್ ಬಿದ್ದಿತ್ತು. ಎದೆಯ ಕರಿಮಣಿ ಸರ ಒಂದು ಗೆರೆಯೂ ಕೆಡದೆ ಕಾಣುತ್ತಿತ್ತು. ಅವನು ಕ್ಯಾಮೆರಾ ಎತ್ತಿ, ಮತ್ತೆ ಇಳಿಸಿ, "ಇದು ಈಗ ಅಲುಗುವುದಿಲ್ಲ ಅಜ್ಜಾ" ಎಂದನು. ನನಗೆ ಉತ್ತರ ತೋಚಲಿಲ್ಲ.

ಅಳಿಯಂದಿರು ವಿಷಯವನ್ನು ಬಿಡಿಸಿ ಹೇಳಿದರು. ರಾತ್ರಿ ಹಾರುವ ಹಕ್ಕಿಗಳಿಗೆ ನಕ್ಷತ್ರಗಳೂ ದಾರಿ ತೋರುತ್ತವೆ. ನೆಲದ ದೀಪಗಳು ಅವನ್ನು ದಾರಿ ತಪ್ಪಿಸಿ ಕೆಳಕ್ಕೆ ಸೆಳೆಯುತ್ತವೆ. ಬೆಳಗಾದ ಮೇಲೆ ಗಾಜಿನಲ್ಲಿ ಮರಗಳ ಪ್ರತಿಬಿಂಬ ಕಂಡು, ಅದೂ ಕಾಡೆಂದೇ ಭ್ರಮಿಸಿ ವೇಗವಾಗಿ ನುಗ್ಗುತ್ತವೆ. ಆ ಹಕ್ಕಿಯನ್ನು ನನ್ನ ದೀಪವೇ ಕರೆಯಿತೆಂದು ಯಾರೂ ಹೇಳಲಿಲ್ಲ. ಆದರೆ ದೀಪ ಬಿಟ್ಟು ಹೋದವನು ನಾನೆಂಬುದನ್ನು ನಾನು ಮರೆಯಲಾರೆ. ದೀಪ ಆರಿಸು ಎಂಬ ಮಾತನ್ನೇ ಅಶುಭವೆಂದು ಬಗೆದು, ದೀಪ ಶಾಂತ ಮಾಡು ಎನ್ನುವ ಮನೆಯಲ್ಲಿ ಬೆಳೆದವನು ನಾನು. ಬೆಳಕೂ ಒಂದು ಜೀವಕ್ಕೆ ಕೇಡಾಗಬಹುದೆಂದು ಎಂದೂ ಎಣಿಸಿರಲಿಲ್ಲ.

ಆ ನಗರಕ್ಕೆ ಇದು ಹೊಸ ದುಃಖವಲ್ಲ. ಸರೋವರದ ದಂಡೆಯಲ್ಲಿಯೇ ಮೆಕ್‌ಕಾರ್ಮಿಕ್ ಪ್ಲೇಸ್ ಎಂಬ ಬೃಹತ್ ಸಭಾಭವನವಿದೆ. ಫೀಲ್ಡ್ ಮ್ಯೂಸಿಯಂನ ಡೇವಿಡ್ ವಿಲ್ಲಾರ್ಡ್ ಎಂಬ ವಿದ್ವಾಂಸರು 1978ರಿಂದ ಅದರ ಬುಡದಲ್ಲಿ ಬಿದ್ದ ಹಕ್ಕಿಗಳನ್ನು ಆಯ್ದು, ಅಳೆದು, ದಾಖಲಿಸುತ್ತ ಬಂದರು. 2023ರ ಅಕ್ಟೋಬರ್ 5ರಂದು ಆ ಒಂದು ಕಟ್ಟಡಕ್ಕೆ ಬಡಿದು ಸತ್ತ ಹಕ್ಕಿಗಳು ಸಾವಿರಕ್ಕೆ ಸಮೀಪ. ಅವುಗಳಲ್ಲಿ ಬಹಳಷ್ಟು ವಾರ್ಬ್ಲರ್‌ಗಳೇ. ದೀಪ ಬೆಳಗುವ ಕಿಟಕಿಗಳನ್ನು ಹಿಂದೆ ದಾಖಲಾದ ಕನಿಷ್ಠ ಮಟ್ಟಕ್ಕೆ ಇಳಿಸಿದರೆ ಅಲ್ಲಿ ಸಾವು ಶೇಕಡಾ 60ರಷ್ಟು ತಗ್ಗೀತೆಂದು 2021ರಲ್ಲಿಯೇ ಸಂಶೋಧಕರು ಲೆಕ್ಕಹಾಕಿದ್ದರು. 2024ರ ಬೇಸಿಗೆಯಲ್ಲಿ ಆ ಭವನದ ಗಾಜಿಗೆಲ್ಲ ಸಣ್ಣ ಚುಕ್ಕೆಗಳಿರುವ ಹಾಳೆಯನ್ನು ಅಂಟಿಸಿದರು. ಆ ಶರತ್ಕಾಲದಲ್ಲಿ ಸಾವು ಶೇಕಡಾ 95ರಷ್ಟು ಕಡಿಮೆಯಾಯಿತು.

ದೋಷವೆಲ್ಲ ದೊಡ್ಡ ಕಟ್ಟಡಗಳದೆಂದು ನಾವು ಸಮಾಧಾನಪಡುವಂತಿಲ್ಲ. 2014ರಲ್ಲಿ ಪ್ರಕಟವಾದ ಅಧ್ಯಯನದಂತೆ, ಅಮೆರಿಕದಲ್ಲಿ ಗಾಜಿಗೆ ಬಡಿದು ಸಾಯುವ ಹಕ್ಕಿಗಳಲ್ಲಿ ಗಗನಚುಂಬಿಗಳ ಪಾಲು ಶೇಕಡಾ 1ಕ್ಕಿಂತಲೂ ಕಡಿಮೆ. ಉಳಿದುದೆಲ್ಲ ತಗ್ಗು ಕಟ್ಟಡಗಳಲ್ಲಿ ಮತ್ತು ನಮ್ಮ ನಿಮ್ಮಂಥವರ ಮನೆಗಳಲ್ಲಿ. ಮನೆ ಮನೆಗೆ ಒಂದೆರಡೇ ಸಾವು, ಮನೆಗಳೋ ಅಸಂಖ್ಯ.

ಸತ್ತ ಹಕ್ಕಿಯನ್ನು ಮನೆಯಲ್ಲಿಟ್ಟುಕೊಳ್ಳಲು ಆ ದೇಶದ 1918ರ ವಲಸೆಹಕ್ಕಿಗಳ ಕಾಯಿದೆ ಒಪ್ಪುವುದಿಲ್ಲ. ಮರದ ಬುಡದಲ್ಲಿ ಅದನ್ನು ಮಣ್ಣಿಗೆ ಸೇರಿಸಿದೆವು. ಆಮೇಲೆ ಮಗಳು, "ಅಪ್ಪಾಜಿ, ಗಾಜಿನ ಹೊರಮೈಗೆ ಎರಡೆರಡು ಅಂಗುಲಕ್ಕೆ ಒಂದು ಚುಕ್ಕೆಯಿಟ್ಟರೆ ಹಕ್ಕಿಗಳು ಅದನ್ನು ಗುರುತಿಸುತ್ತವಂತೆ" ಎಂದಳು. ನನ್ನಾಕೆ ಸುಮ್ಮನೆ ಎದ್ದು, ಮೊಮ್ಮಗನಿಂದ ಬಿಳಿಯ ಬಣ್ಣವನ್ನೂ ಕುಂಚವನ್ನೂ ಕೇಳಿ ತೆಗೆದುಕೊಂಡಳು. ಐವತ್ತು ವರ್ಷ ಅಂಗಳದಲ್ಲಿ ರಂಗೋಲಿಯ ಚುಕ್ಕೆಯಿಟ್ಟ ಕೈಗೆ ಅಳತೆಯ ಕೋಲು ಬೇಕಾಗಲಿಲ್ಲ. ಎತ್ತರದ ಸಾಲುಗಳನ್ನು ಏಣಿಯ ಮೇಲೆ ನಿಂತು ಅಳಿಯಂದಿರು ಮುಗಿಸಿದರು. ರಾತ್ರಿ ಆ ಕೋಣೆಯ ದೀಪ ಶಾಂತ ಮಾಡುವ ಕೆಲಸವನ್ನು ನಾನು ವಹಿಸಿಕೊಂಡೆ. ನಾವು ಅಲ್ಲಿದ್ದ ಉಳಿದ ದಿನಗಳಲ್ಲಿ ಆ ಕಿಟಕಿಯ ಕೆಳಗೆ ಮತ್ತೊಂದು ಹಕ್ಕಿ ಬೀಳಲಿಲ್ಲ.

ಇದು ಪರದೇಶದ ಮಾತೆಂದು ತಾಯಂದಿರು ಪುಟ ತಿರುವಬಾರದು. ಕುಟುಂಬ ಬೇರೆಯಾದರೂ ಅಷ್ಟೇ ಗಾತ್ರದ, ಹಸಿರು ಛಾಯೆಯ ಉಲಿಯಕ್ಕಿಯೊಂದು ಹಿಮಾಲಯ ಮತ್ತು ಅದರಾಚೆಯ ಕಾಡುಗಳಿಂದ ಬಂದು ಚಳಿಗಾಲವನ್ನು ನಮ್ಮ ಮಾವು ಹುಣಿಸೆಗಳಲ್ಲಿಯೇ ಕಳೆಯುತ್ತದೆ. ವಸಂತದಲ್ಲಿ ಮರಳಿ ಹೊರಡುತ್ತದೆ. ನಮ್ಮ ಊರುಗಳಲ್ಲಿಯೂ ಈಗ ಗಾಜಿನ ಮನೆಗಳು ಏಳುತ್ತಿವೆ, ಇರುಳೆಲ್ಲ ದೀಪಗಳು ಉರಿಯುತ್ತಿವೆ. ಬೇಡವಾದ ದೀಪವನ್ನು ಶಾಂತ ಮಾಡುವುದು, ಮರಕ್ಕೆ ಎದುರಾದ ಗಾಜಿಗೆ ನಾಲ್ಕು ಸಾಲು ಚುಕ್ಕೆಯಿಡುವುದು ಯಾವ ಮನೆಗೂ ಭಾರವಾಗದು. ಮಕ್ಕಳ ಕೈಯಿಂದಲೇ ಮಾಡಿಸಿದರೆ ಇನ್ನೂ ಲೇಸು.

ಮೊಮ್ಮಗನು ಕಳೆದ ವಸಂತದಲ್ಲಿ ಒಂದು ಚಿತ್ರ ಕಳುಹಿಸಿದ್ದಾನೆ. ಮ್ಯಾಗ್ನೋಲಿಯಾ ವಾರ್ಬ್ಲರ್ ಕೊಂಬೆಯ ಮೇಲೆ ಕುಳಿತಿದೆ, ಬಾಲ ಸ್ವಲ್ಪ ಮಸುಕಾಗಿದೆ. ಅಲುಗುತ್ತಿದ್ದ ಹಕ್ಕಿಯ ಚಿತ್ರ ಅದು. ನನ್ನ ಓದುವ ಮೇಜಿನ ಮೇಲೆ ಇಟ್ಟುಕೊಂಡಿದ್ದೇನೆ.